ಸೆಪ್ಟೆಂಬರ್ ಹದಿನಾಲ್ಕರ ತೋಟಾಗಳು

ಸೆಪ್ಟೆಂಬರ್ 14, ಮಂಗಳವಾರ

ಬೆಳಿಗ್ಗೆ ತಮ್ಮ ಲಾಯ್ಡ್‌ಗೆಂದು ಪಿಸ್ತೂಲಿನ ತೋಟಾ ಐವತ್ತು, ಆಮೇಲೆ ರೈಫಲ್ಲಿನವು ನೂರು. ಸಂಜೆಯ ಹೊತ್ತಿಗೆ ರೈಫಲ್ಲಿನವನ್ನು ಇಪ್ಪತ್ತರಂತೆ ಐದು ಡಬ್ಬಿಗೆ ತುಂಬಿ, ಮೇಲೆ ತಾರೀಖು ಬರೆದು ಅಂಟಿಸಿಯೂ ಆಯಿತು. ಅರವತ್ತೆರಡರ ಹೆಂಗಸಿಗೆ ಇಷ್ಟು ಕೆಲಸ ಹೆಚ್ಚೇ ಆಯಿತು.

ಅಂಗಡಿಯ ತೋಟಾ ಕಪಾಟು ಸತತ ಎರಡನೇ ವರ್ಷ ಖಾಲಿ. ಬೇಟೆಯ ಕಾಲ ಹತ್ತಿರ ಬಂತು, ಜನ ನನ್ನ ಗ್ಯಾರೇಜಿನ ಬಾಗಿಲು ತಟ್ಟುತ್ತಿದ್ದಾರೆ. ಮೊದಮೊದಲು ಅವರವರ ಖಾಲಿ ಹಿತ್ತಾಳೆ ಚಿಪ್ಪು ತಂದರೆ ತುಂಬಿಸಿಕೊಡುತ್ತಿದ್ದೆ, ಬದಲಿಗೆ ಒಂದು ಡಜನ್ ಮೊಟ್ಟೆಯೋ ಸೇಬಿನ ಪೈಯೋ ಬರುತ್ತಿತ್ತು. ಈಗ ಚಿಪ್ಪೂ ನನ್ನದೇ, ಡಬ್ಬಿಗೆ ಇಷ್ಟು ಅಂತ ಬೆಲೆಯೂ ಇದೆ. ಲಾಯ್ಡ್ ನನಗಿಂತ ಆರು ವರ್ಷ ಚಿಕ್ಕವನು, ಆದರೆ ಬುದ್ಧಿ ಹೇಳುವುದರಲ್ಲಿ ಅಪ್ಪನಿಗಿಂತ ದೊಡ್ಡವನು. "ಮಾರೋದಕ್ಕೆ ಕೇಂದ್ರದವ್ರ ಲೈಸೆನ್ಸ್ ಬೇಕು ಕಣೆ ಮ್ಯಾರಿಟ್" ಅಂದ. "ಇದೇನು ಮಾರಾಟಾನಾ? ಪಕ್ಕದ ಮನೆಯೋರಿಗೆ ಸಕ್ಕರೆ ಕೊಟ್ಟ ಹಾಗೆ" ಅಂದೆ. "ಸಕ್ಕರೆ ಸಿಡಿಯಲ್ಲ" ಅಂದ. ಅವನ ಬಾಯಿಗೆ ಒಂದು ಬಿಸ್ಕತ್ತು ತುರುಕಿ ಕಳಿಸಿದೆ.

ನಡುವೆ ಓಪಲ್ ಫೋನ್ ಮಾಡಿದ್ದಳು. ಗಂಡ ಹಾರ್ಲನ್‌ಗೆ ಒಂದು ಡಬ್ಬಿ ಎತ್ತಿಡು ಅನ್ನುವುದಕ್ಕೆ ಇಪ್ಪತ್ತು ನಿಮಿಷ. ಕೋಳಿಗಳ ಕಾಯಿಲೆ, ಸೊಸೆಯ ಗರ್ವ, ಎಲ್ಲ ಕೇಳಿಸಿಕೊಂಡೆ. ಬೇಲಿಯಾಚೆ ಮೂವತ್ತು ವರ್ಷದಿಂದ ಇದ್ದಾಳೆ, ಒಂದು ದಿನವೂ ಚುಟುಕಾಗಿ ಮಾತಾಡಿದವಳಲ್ಲ.

ದೇವರು ನನಗೆ ಗಂಡನನ್ನು ಕೊಡಲಿಲ್ಲ, ಆದರೆ ತಪ್ಪದ ಕೈ ಕೊಟ್ಟ. "ಮ್ಯಾರಿಟ್ ತುಂಬಿದ ತೋಟಾ ಗುರಿ ತಪ್ಪೋದಿಲ್ಲ" ಅಂತ ಊರೇ ಹೇಳುತ್ತದೆ. ಅದಕ್ಕೆ ಕೃತಜ್ಞಳು.

ಅಕ್ಟೋಬರ್ 10, ಭಾನುವಾರ

ಹಾರ್ಲನ್‌ನ ರೈಫಲ್ ಒಡೆದಿದೆ.

ಚರ್ಚಿನಿಂದ ಬಂದವನು ಹಿತ್ತಲ ದಿಬ್ಬದಲ್ಲಿ ಗುರಿ ಸರಿಮಾಡಲು ಕೂತನಂತೆ. ಮೂರನೆಯ ಈಡಿಗೆ ಕೋವಿಯ ನಡುಭಾಗವೇ ಸೀಳಿತು. ನಾನು ಸದ್ದು ಕೇಳಿದೆ. ಸದ್ದು ಬೇರೆ ಥರ ಇತ್ತು. ಬೇಲಿ ಹತ್ತಿ ಓಡಿದಾಗ ಓಪಲ್ ಅಡುಗೆಮನೆಯ ಬಟ್ಟೆಯಲ್ಲಿ ಅವನ ಎಡಗೈ ಸುತ್ತುತ್ತಿದ್ದಳು. ಬಟ್ಟೆಯೆಲ್ಲ ಕೆಂಪು. ಬಲಗಣ್ಣು ನೋಡುವ ಹಾಗಿರಲಿಲ್ಲ.

ಹೆಲಿಕಾಪ್ಟರಿನಲ್ಲಿ ಬಿಲ್ಲಿಂಗ್ಸ್‌ನ ದೊಡ್ಡಾಸ್ಪತ್ರೆಗೆ ಒಯ್ದರು. ಓಪಲ್ ಹತ್ತುವ ಮುಂಚೆ ನನ್ನ ಕಡೆ ತಿರುಗಿ, "ಅದು ನಿನ್ ಡಬ್ಬೀದು" ಅಂದಳು. ಅಷ್ಟೇ ಅಂದಳು.

ಹಳೇ ರೈಫಲ್. ನಳಿಗೆಯಲ್ಲಿ ಮಣ್ಣು ಸಿಕ್ಕಿಕೊಂಡಿರಬಹುದು. ಹಾರ್ಲನ್ ಕೋವಿ ಸ್ವಚ್ಛ ಮಾಡುವವನೇ ಅಲ್ಲ.

ಅಕ್ಟೋಬರ್ 12, ಮಂಗಳವಾರ

ಮಣ್ಣಲ್ಲ.

ಹಾರ್ಲನ್‌ನ ಡಬ್ಬಿಯ ಮೇಲೆ ಸೆಪ್ಟೆಂಬರ್ 14 ಎಂದಿತ್ತು. ಅದೇ ದಿನದ ಇನ್ನೊಂದು ಡಬ್ಬಿ ಗ್ಯಾರೇಜಿನಲ್ಲಿ ಉಳಿದಿತ್ತು. ಇಪ್ಪತ್ತನ್ನೂ ಬಿಚ್ಚಿದೆ. ಹತ್ತೊಂಬತ್ತರಲ್ಲಿ ರೈಫಲ್ಲಿನ ಮದ್ದು, ಸಣ್ಣ ಸಣ್ಣ ಕಡ್ಡಿ. ಒಂದರಲ್ಲಿ ಕಡ್ಡಿಯ ಜೊತೆ ಚಪ್ಪಟೆ ಚಕ್ಕೆಗಳು. ಪಿಸ್ತೂಲಿನ ಮದ್ದು. ಅದು ಹತ್ತಿದರೆ ಒಂದೇ ಏಟಿಗೆ ಉರಿದುಬಿಡುತ್ತದೆ, ರೈಫಲ್ಲಿನ ಉಕ್ಕು ತಡೆಯುವುದಿಲ್ಲ.

ಲಾಯ್ಡ್‌ನ ತೋಟಾ ಮುಗಿಸಿದ ಮೇಲೆ ಮದ್ದು ಅಳೆಯುವ ಯಂತ್ರದ ಬಟ್ಟಲನ್ನು ಖಾಲಿ ಮಾಡಬೇಕಿತ್ತು. ಫೋನ್ ಬಂತು. ಮಾತು ಮುಗಿಸಿ ಬಂದವಳು ತಳದಲ್ಲಿ ಉಳಿದಿದ್ದರ ಮೇಲೇ ರೈಫಲ್ಲಿನ ಮದ್ದು ಸುರಿದಿದ್ದೇನೆ. ಮೊದಲ ಕೆಲವು ತೋಟಾಗಳಿಗೆ ಬೆರಕೆ ಹೋಗಿದೆ. ಎಷ್ಟಕ್ಕೆ ಎಂದು ಗೊತ್ತಿಲ್ಲ. ಎಲ್ಲವನ್ನೂ ಒಂದೇ ಹಲಗೆಯ ಮೇಲೆ ನಿಲ್ಲಿಸಿ, ಕೈಗೆ ಸಿಕ್ಕಂತೆ ಡಬ್ಬಿಗೆ ಹಾಕಿದ್ದೆ.

ಫೋನ್ ಮಾಡಿದ್ದು ಓಪಲ್. ಆ ಯೋಚನೆ ಬಂತು. ಬಂದದ್ದನ್ನು ಬರೆದಿಟ್ಟಿದ್ದೇನೆ. ಆದರೆ ಬಟ್ಟಲು ನನ್ನದು, ಕೈ ನನ್ನದು.

ಅಕ್ಟೋಬರ್ 14, ಗುರುವಾರ

ಲಾಯ್ಡ್ ಒತ್ತಾಯ ಮಾಡಿ ಜಿಲ್ಲಾ ಪಟ್ಟಣದ ವಕೀಲೆಯ ಹತ್ತಿರ ಕರೆದುಕೊಂಡು ಹೋದ. ಮಿಸೆಸ್ ಬ್ರಾನ್, ಗಟ್ಟಿ ಹೆಂಗಸು, ಮಾತು ಸುತ್ತಿಬಳಸುವುದಿಲ್ಲ.

"ನಿಮ್ಮ ಸ್ವಂತಕ್ಕೆ ತುಂಬ್ಕೊಂಡ್ರೆ ಕಾನೂನು ನಿಮ್ಮ ತಂಟೆಗೆ ಬರಲ್ಲ. ಮಾರೋಕೆ ಅಂತ ತುಂಬೋಕೆ ಶುರು ಮಾಡಿದ್ರೆ ನೀವು ತಯಾರಕರು. ಕಾರ್ಖಾನೆ ದೊಡ್ಡದೋ ಗ್ಯಾರೇಜೋ ಅಂತ ನೋಡಲ್ಲ. ಕೇಂದ್ರದ ಲೈಸೆನ್ಸ್ ಬೇಕು, ಅದರ ತೆರಿಗೆ ಬೇರೆ. ಇಲ್ದೆ ಮಾಡಿದ್ರೆ ಜೈಲೂ ಆಗ್ಬಹುದು. ಎಷ್ಟು ಡಬ್ಬಿ ಮಾರಿದೀರಿ?"

"ನಲವತ್ತೊಂದು."

ಅವಳು ಪೆನ್ನು ಕೆಳಗಿಟ್ಟಳು.

"ನನ್ನ ಮನೆ ವಿಮೆ?" ಅಂದೆ.

"ಮಾರಿದ ಮಾಲಿಗೆ ಬರಲ್ಲ. ನೋಡಿ ಮ್ಯಾರಿಟ್, ಇವತ್ತಿಂದ ಯಾರ ಹತ್ರಾನೂ ಇದರ ಬಗ್ಗೆ ಮಾತಾಡ್ಬೇಡಿ. ಕೊಂಡೋರಿಗೆ ಫೋನ್ ಮಾಡಿದ್ರೆ ತಪ್ಪು ಒಪ್ಕೊಂಡ ಹಾಗೆ. ಆ ಮಾತನ್ನೇ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಓದ್ತಾರೆ."

"ಆ ದಿನದ ಮೂರು ಡಬ್ಬಿ ಇನ್ನೂ ಹೊರಗಡೆ ಇದೆ."

"ಗೊತ್ತು" ಅಂದಳು. ಕಿಟಕಿಯ ಕಡೆ ನೋಡಿದಳು. "ವಕೀಲಳಾಗಿ ನಾನು ಹೇಳ್ಬೇಕಾದ್ದು ಹೇಳ್ದೆ."

ದಾರಿಯಲ್ಲಿ ಲಾಯ್ಡ್, "ಇವತ್ತೇ ಗ್ಯಾರೇಜ್ ತೊಳೆದುಬಿಡೋಣ. ಯಂತ್ರ, ಲೆಕ್ಕದ ಪುಸ್ತಕ, ಎಲ್ಲ ನನ್ ಟ್ರಕ್ಕಿಗೆ ಹಾಕು. ಕೆರೆ ಆಳವಾಗಿದೆ" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಹೆದರಿಯೇ ಹೇಳುತ್ತಿದ್ದ. ನನಗೆ ಹೆದರಿ ಅಲ್ಲ, ನನಗಾಗಿ ಹೆದರಿ. ಅಂಥ ತಮ್ಮನಿದ್ದಾನೆ ಎಂದು ನನಗೆ ಐವತ್ತಾರು ವರ್ಷದಲ್ಲಿ ಇವತ್ತು ಗೊತ್ತಾಯಿತು.

ಅಕ್ಟೋಬರ್ 15, ಶುಕ್ರವಾರ

ಬೇಟೆಯ ಕಾಲ ಶುರುವಾಗುವುದು 23ಕ್ಕೆ. ಆ ಬೆಳಿಗ್ಗೆ ಈ ಜಿಲ್ಲೆಯ ಅರ್ಧ ಜನ ಕೋವಿಗೆ ಕೆನ್ನೆ ಒತ್ತಿ ಕೂತಿರುತ್ತಾರೆ.

ಫೋನ್ ಪುಸ್ತಕ ತೆಗೆದೆ. ಮೊದಲ ಮನೆಗೆ ಏನು ಹೇಳಬೇಕೆಂದು ಕಾಗದದಲ್ಲಿ ಬರೆದುಕೊಂಡಿದ್ದೆ, ಓದಲು ಆಗಲಿಲ್ಲ. "ನಾನು ಮ್ಯಾರಿಟ್ ಕೋಲ್‌ಸ್ಟಾಡ್. ನಾನು ಕೊಟ್ಟ ತೋಟಾ ಹಾರಿಸ್ಬೇಡಿ. ನಾನೇ ತಪ್ಪು ಮಾಡಿದೀನಿ. ಬಂದು ತಗೊಂಡ್ ಹೋಗ್ತೀನಿ." ಇಷ್ಟೇ ಬಂತು. ಎರಡನೆಯ ಮನೆಗೂ ಇಷ್ಟೇ. ಆ ಒಂದು ದಿನದವು ಮಾತ್ರವಲ್ಲ, ಎಲ್ಲವನ್ನೂ ವಾಪಸು ಕೇಳುತ್ತಿದ್ದೇನೆ. ಒಂದು ಸಲ ಮರೆತ ಕೈ ಇನ್ನೊಂದು ಸಲ ಮರೆತಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ಮಿಸೆಸ್ ಬ್ರಾನ್‌ಗೂ ಫೋನ್ ಮಾಡಿ ತಿಳಿಸಿದೆ. ಬಯ್ಯುತ್ತಾಳೆ ಅಂದುಕೊಂಡೆ. "ಯಾರಿಗೆ ಎಷ್ಟು ಗಂಟೆಗೆ ಹೇಳಿದ್ರಿ ಅಂತ ಬರೆದಿಡಿ. ನನ್ನ ಗಂಡನೂ ಬೇಟೆಗೆ ಹೋಗ್ತಾನೆ" ಅಂದಳು.

ಅಕ್ಟೋಬರ್ 18, ಸೋಮವಾರ

ಇಪ್ಪತ್ತೊಂಬತ್ತು ಡಬ್ಬಿ ಬಂದವು. ಬಯ್ಯುತ್ತಾರೆ ಎಂದು ಹಲ್ಲು ಕಚ್ಚಿ ಒಂದೊಂದು ಮೆಟ್ಟಿಲು ಹತ್ತಿದೆ. ಒಬ್ಬನೇ ಒಬ್ಬ ಬಯ್ದ, ಅದೂ ಬಾಗಿಲು ತೆರೆಯುವ ಮುಂಚೆ, ನಾಯಿಗೋ ನನಗೋ ಗೊತ್ತಾಗಲಿಲ್ಲ. ಪೋಸ್ಟಾಫೀಸಿನ ಮುದುಕ ಡಬ್ಬಿಯನ್ನು ಕೈಗಿಟ್ಟು, "ಬಂದು ಹೇಳಿದ್ಯಲ್ಲ" ಅಂದ. ಮೂರು ಮನೆಯಲ್ಲಿ ಕಾಫಿ ಕುಡಿಸಿದರು. ಒಂದು ಮನೆಯ ಹೆಂಗಸು ನನ್ನ ಕೋಟಿನ ಕಾಲರ್ ಸರಿಮಾಡಿದಳು. ಗಾಡಿಗೆ ಬಂದು ಕೂತು ಅತ್ತೆ.

ಹಾರ್ಲನ್‌ನ ಎಡಗೈಯ ಹೆಬ್ಬೆರಳು, ತೋರುಬೆರಳು ಉಳಿಯಲಿಲ್ಲ. ಕಣ್ಣಿನ ಬಗ್ಗೆ ಡಾಕ್ಟರು ಇನ್ನೂ ಹೇಳುತ್ತಿಲ್ಲ.

ಅಕ್ಟೋಬರ್ 21, ಗುರುವಾರ

ಮೂವತ್ತೊಂಬತ್ತು. ಹಾರ್ಲನ್‌ನದನ್ನು ಪೊಲೀಸರು ಇಟ್ಟುಕೊಂಡಿದ್ದಾರೆ, ಹಾಗಾಗಿ ನಲವತ್ತು. ಉಳಿದದ್ದು ಒಂದೇ ಡಬ್ಬಿ. ಸೆಪ್ಟೆಂಬರ್ ಹದಿನಾಲ್ಕರದ್ದೇ.

ಅದನ್ನು ಕೊಂಡಿದ್ದವನು ಡ್ವೈಟ್, ರೈಲ್ವೆಯಲ್ಲಿ ಕೆಲಸ. "ಅಯ್ಯೋ, ಅದನ್ನ ಎಮೆಟ್‌ಗೆ ಕೊಟ್ಬಿಟ್ನಲ್ಲ! ನಮ್ ಜೊತೆ ಹಳಿ ರಿಪೇರಿ ಮಾಡ್ತಾನೆ. ಅವ್ನಿಗೆ ಎಲ್ಲೂ ಸಿಕ್ಕಿರ್ಲಿಲ್ಲ. ನಿನ್ನೆ ಅವ್ರಪ್ಪನ್ನ ಕರ್ಕೊಂಡು ನದಿಯ ಕೊರಕಲಿಗೆ ಹೋದ, ಡೇರೆ ಹಾಕೋಕೆ."

"ಫೋನ್?"

"ಅಲ್ಲಿ ಸಿಗ್ನಲ್ ಎಲ್ಲಿಂದ ಬರ್ಬೇಕು?"

ಶೆರೀಫ್ ಕಚೇರಿಗೆ ಹೇಳಿದೆ. ಬೇಟೆಯ ಕಾವಲಿನವರಿಗೆ ತಿಳಿಸುತ್ತೇವೆ ಅಂದರು. ಆ ಕೊರಕಲಿನಲ್ಲಿ ನೂರು ಡೇರೆಗಳಿರುತ್ತವೆ. ನಾಳೆ ನಾನೇ ಹೊರಡುತ್ತೇನೆ. ಡ್ವೈಟ್ ಕಾಗದದ ಮೇಲೆ ದಾರಿ ಗೀಚಿಕೊಟ್ಟಿದ್ದಾನೆ. ಟ್ರಕ್ಕು ಹಸಿರು, ಹಿಂದಿನ ಬಾಗಿಲು ಬಿಳಿ.

ಅಕ್ಟೋಬರ್ 22, ಶುಕ್ರವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ನೂರಹತ್ತು ಮೈಲಿ. ಕೊನೆಯ ಮೂವತ್ತು ಬರೀ ಜೇಡಿಮಣ್ಣು. ಮಳೆ ಬಂದಿದ್ದರೆ ಚಕ್ರ ಹೂತುಹೋಗುತ್ತಿತ್ತು. ಬರಲಿಲ್ಲ. ಆರು ಡೇರೆ ಕೇಳಿದ ಮೇಲೆ ಏಳನೆಯದರ ಪಕ್ಕದಲ್ಲಿ ಬಿಳಿ ಬಾಗಿಲು ಕಂಡಿತು. ಆಗ ಮಧ್ಯಾಹ್ನ ಮೂರು. ನಲವತ್ತರ ಆಸುಪಾಸಿನ ಗಂಡಸು ಸೌದೆ ಸೀಳುತ್ತಿದ್ದ. ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದ ಮುದುಕ. ಮುದುಕನ ತೊಡೆಯ ಮೇಲೆ ರೈಫಲ್. ಅವನು ಅದಕ್ಕೆ ಎಣ್ಣೆ ಒರೆಸುತ್ತಿದ್ದ.

"ಎಮೆಟ್ ನೀವೇನಾ? ಡ್ವೈಟ್ ಕೊಟ್ಟ ತೋಟಾ ಎಲ್ಲಿದೆ?"

"ಯಾಕ್ ಮೇಡಂ?"

"ನಾನೇ ಅದನ್ನ ತುಂಬಿದ್ದು. ಅದ್ರಲ್ಲಿ ಮದ್ದು ಬೆರಕೆ ಆಗಿರ್ಬಹುದು. ನಮ್ಮೂರಲ್ಲಿ ಒಬ್ರ ಕೈ ಹೋಗಿದೆ."

ಎಮೆಟ್ ಕೊಡಲಿ ಬಿಟ್ಟು ಅಪ್ಪನ ಕೈಯಿಂದ ಕೋವಿ ತೆಗೆದುಕೊಂಡ. ಮೆಲ್ಲಗೆ ತೆಗೆದುಕೊಂಡ. ಒಳಗಿದ್ದ ನಾಲ್ಕನ್ನು ಹೊರಗೆ ಉರುಳಿಸಿದ. ಮುದುಕನಿಗೆ ಕಿವಿ ಕೇಳುವುದಿಲ್ಲ. "ಏನಂತೆ? ಲೈಸೆನ್ಸ್ ಕೇಳೋಕ್ ಬಂದಿದಾಳಾ?" ಎಂದು ಕೂಗಿದ. "ಹೆಂಗಸ್ರನ್ನೂ ಕಾವಲಿಗೆ ಹಾಕ್ತಾರಾ ಈಗ?"

ಟ್ರಕ್ಕಿನ ಹಿಂದಿನ ಹಲಗೆಯ ಮೇಲೆಯೇ ಬಿಚ್ಚಿದೆ. ಸುತ್ತಿಗೆಯಂಥ ಸಲಕರಣೆ ತಂದಿದ್ದೆ, ಕುಟ್ಟಿದರೆ ಗುಂಡು ಕಳಚಿ ಮದ್ದು ಹೊರಬರುತ್ತದೆ. ಮೂರನ್ನು ಗುರಿ ನೋಡಲು ಹಾರಿಸಿಯಾಗಿತ್ತು. ಹದಿನೇಳು ಉಳಿದಿದ್ದವು. ಡಬ್ಬಿಯ ಹದಿಮೂರೂ ಬರೀ ಕಡ್ಡಿ. ಆಮೇಲೆ ಕೋವಿಯೊಳಗಿಂದ ಬಂದ ನಾಲ್ಕು. ಒಂದು ಸರಿ. ಎರಡು ಸರಿ. ಮೂರನೆಯದರಿಂದ ಚಕ್ಕೆ ಸುರಿಯಿತು. ಕಡ್ಡಿ ಹುಡುಕಿದರೂ ಹತ್ತು ಸಿಗಲಿಲ್ಲ, ಎಲ್ಲ ಚಕ್ಕೆಯೇ. ಗ್ಯಾರೇಜಿನಲ್ಲಿ ಸಿಕ್ಕಿದ್ದು ಬೆರಕೆ. ಇದು ಬೆರಕೆಯೂ ಅಲ್ಲ. ನಾಲ್ಕನೆಯದು ಸರಿಯಿತ್ತು.

ಎಮೆಟ್ ಬೆರಳ ತುದಿಯಿಂದ ಅದನ್ನು ಮುಟ್ಟಿದ. ಆಮೇಲೆ ಟ್ರಕ್ಕಿನ ಚಕ್ರಕ್ಕೆ ಒರಗಿ ಕೂತುಬಿಟ್ಟ.

"ಮೊದಲ್ನೇ ದಿನ ಬೆಳಿಗ್ಗೆ ನಾವು ಅಪ್ಪನಿಗೇ ಕೋವಿ ಕೊಡೋದು" ಅಂದ. "ಎಂಬತ್ತೊಂದಾಯ್ತು. ಇದೇ ಕೊನೇ ವರ್ಷ ಅಂತಾನೆ. ಐದ್ ವರ್ಷದಿಂದ ಹಂಗೇ ಅಂತಿದಾನೆ."

"ಏನಂತೆ?" ಅಂತ ಮುದುಕ.

ಎಮೆಟ್ ಎದ್ದು ಅಪ್ಪನ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದ. ಮುದುಕ ನನ್ನ ಕಡೆ ತಿರುಗಿದ. ಬೈಗುಳಕ್ಕೆ ನಾನು ಸಿದ್ಧಳಾಗಿಯೇ ನಿಂತಿದ್ದೆ.

"ನೂರ್ ಮೈಲಿಯಿಂದ ಬಂದ್ಯಾ?"

"ನೂರಹತ್ತು."

"ಊಟ ಆಯ್ತಾ?"

ಜಿಂಕೆಮಾಂಸದ ಸಾರು, ಒಣಗಿದ ರೊಟ್ಟಿ. ಅಷ್ಟು ರುಚಿಯಾದದ್ದನ್ನು ನಾನು ತಿಂದಿಲ್ಲ. ಹೊರಡುವಾಗ ಗಾಡಿಯಲ್ಲಿದ್ದ ಕಾರ್ಖಾನೆಯ ತೋಟಾ ಡಬ್ಬಿ ಕೊಟ್ಟೆ. ಎಂದೋ ಕೊಂಡು ಮೊಹರು ಒಡೆಯದೆ ಇಟ್ಟಿದ್ದದ್ದು. ನನ್ನ ತೋಟಾ ಇರುವಾಗ ಅಂಗಡಿಯದು ಯಾಕೆ ಎಂದು ಜಂಬದಿಂದ ಬದಿಗಿಟ್ಟಿದ್ದೆ. ಎಮೆಟ್ ಮೊಹರನ್ನು ತಿರುಗಿಸಿ ತಿರುಗಿಸಿ ನೋಡಿದ. ಹಾಗೆ ನೋಡಬೇಕಾದದ್ದೇ.

ನಲವತ್ತೊಂದು.

ನವೆಂಬರ್ 2, ಮಂಗಳವಾರ

ಕೇಂದ್ರದ ಇಬ್ಬರು ಅಧಿಕಾರಿಗಳು ಬಂದಿದ್ದರು. ಒಬ್ಬ ಗಂಡಸು, ಒಬ್ಬಳು ಹೆಂಗಸು. ಬೂಟು ಹೊರಗೆ ಬಿಟ್ಟು ಒಳಗೆ ಬಂದರು. ಮಿಸೆಸ್ ಬ್ರಾನ್ ನನ್ನ ಪಕ್ಕದಲ್ಲಿ ಕೂತಿದ್ದಳು. ನನ್ನ ಲೆಕ್ಕದ ಪುಸ್ತಕ, ಫೋನ್ ಮಾಡಿದ ಪಟ್ಟಿ, ಡಬ್ಬಿಗಳು, ಬೇರೆ ಬೇರೆ ಸೀಸೆಯಲ್ಲಿ ಚಕ್ಕೆ ಮತ್ತು ಕಡ್ಡಿ, ಎಲ್ಲ ಮೇಜಿನ ಮೇಲೆ ಇಟ್ಟೆ.

"ಇವನ್ನ ಎಸೀಬಹುದಿತ್ತಲ್ಲ ನೀವು?" ಎಂದು ಆ ಹೆಂಗಸು ಕೇಳಿದಳು.

"ನನ್ನ ತಮ್ಮ ಹಾಗೇ ಹೇಳ್ದ" ಅಂದೆ. ಮಿಸೆಸ್ ಬ್ರಾನ್ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಯಂತ್ರಗಳನ್ನು ಒಯ್ದರು. ಅಪ್ಪನ ಕಾಲದ್ದು ಒಂದಿತ್ತು. ರಸೀದಿ ಬರೆದುಕೊಟ್ಟರು. ಮೊಕದ್ದಮೆ ಹಾಕುವುದೋ ಬಿಡುವುದೋ ಮೇಲಿನವರು ತೀರ್ಮಾನಿಸುತ್ತಾರಂತೆ. ಹೋಗುವಾಗ ಆ ಗಂಡಸು ನನ್ನ ಮುರಿದ ಗೇಟನ್ನು ಎತ್ತಿ ಸರಿಯಾಗಿ ಚಿಲಕ ಹಾಕಿ ಹೋದ.

ನವೆಂಬರ್ 13, ಶನಿವಾರ

ಹಾರ್ಲನ್ ಮನೆಗೆ ಬಂದು ನಾಲ್ಕು ದಿನ. ಇವತ್ತು ಧೈರ್ಯ ಮಾಡಿ ಹೋದೆ. ಓಪಲ್ ಬಾಗಿಲು ತೆರೆದು, ಮಾತಾಡದೆ ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಒಳಗೆ ಹೋದೆ.

"ಬಂದ್ಯಾ? ಈ ಕಡೆ ಕೂತ್ಕೋ. ಆ ಕಡೆ ಕೂತ್ರೆ ಕಾಣಲ್ಲ" ಅಂದ ಹಾರ್ಲನ್. ಬಲಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದಂತೆ, ಆಕಾರ ಇಲ್ಲ.

ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತೆಲ್ಲ ಮರೆತು, "ನನ್ನಿಂದಾಯ್ತು ಹಾರ್ಲನ್" ಅಂದೆ.

"ಗೊತ್ತು. ನಾನೇ ಅಲ್ವಾ ಕೊಡು ಕೊಡು ಅಂತ ಬೆನ್ನು ಬಿದ್ದಿದ್ದು? ಲೈಸೆನ್ಸ್ ಇಲ್ಲ ಅಂತ ನಂಗೂ ಗೊತ್ತಿತ್ತು. ಇಬ್ರೂ ಮುದಿ ಕತ್ತೆಗಳು."

"ಕೋರ್ಟಿಗೆ ಹೋಗಿ. ನಾನು ಎದುರಾಡಲ್ಲ."

"ಒಂದು ಬೇಲಿಯ ಆಚೀಚೆಗೆ ಕೋರ್ಟಾ?" ಅಂದ.

ಹೊಳೆಯ ಪಕ್ಕದ ಹುಲ್ಲುಗಾವಲನ್ನು, ಅಪ್ಪ ಬಿಟ್ಟುಹೋದದ್ದನ್ನು, ಅವರ ಹೆಸರಿಗೆ ಬರೆದುಕೊಡುತ್ತೇನೆ ಅಂದೆ. ಆಸ್ಪತ್ರೆಯವರು ದುಡ್ಡಿಗೆ ಕಾಯುವುದಿಲ್ಲ. ಹಾರ್ಲನ್ "ಛೆ, ನಿನ್ ನೆಲ ನಂಗ್ಯಾಕೆ" ಅನ್ನುತ್ತಿದ್ದ ಹಾಗೆಯೇ ಅಡುಗೆಮನೆಯಿಂದ ಓಪಲ್, "ತಗೊಳ್ಳಿ" ಅಂದಳು. ಅಕ್ಟೋಬರ್ ಹತ್ತರಿಂದ ಈಚೆಗೆ ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು. ಹಾರ್ಲನ್ ಬೇಡ ಅಂದಿದ್ದಕ್ಕಿಂತ ಅವಳು ಬೇಕು ಅಂದಿದ್ದು ನನಗೆ ಹಗುರ ಮಾಡಿತು.

ಚಳಿಗಾಲದಲ್ಲಿ ಅವರ ಎಪ್ಪತ್ತು ಹಸುಗಳಿಗೆ ದಿನಾ ಬೆಳಿಗ್ಗೆ ಹುಲ್ಲು ಹಾಕಬೇಕು. ಒಂದೂವರೆ ಕೈಯಲ್ಲಿ ಆಗುವುದಿಲ್ಲ. ನಾಳೆಯಿಂದ ನಾನು ಹೋಗುತ್ತೇನೆ. ಕೇಳಿಲ್ಲ. ಹೋಗುತ್ತೇನೆ.

ಡಿಸೆಂಬರ್ 9, ಗುರುವಾರ

ಹುಲ್ಲು ಹಾಕಿದೆ. ಚಳಿ ಸೊನ್ನೆಗಿಂತ ಕೆಳಗೆ. ಓಪಲ್ ಕೊಟ್ಟಿಗೆಯ ಆ ತುದಿಯಿಂದ, ನಾನು ಈ ತುದಿಯಿಂದ. ಮಾತಿಲ್ಲ. ಅವಳು ಒಂದೊಂದು ಹಸುವಿಗೂ ಹೆಸರಿಟ್ಟು ಬೆನ್ನು ತಟ್ಟುತ್ತಾಳೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹಾರ್ಲನ್‌ಗೆ ಅಂಗಿಯ ಗುಂಡಿ ಹಾಕುವುದು, ತಟ್ಟೆಯ ಮಾಂಸ ಕತ್ತರಿಸಿಕೊಡುವುದು, ಕಣ್ಣಿಗೆ ಔಷಧ ಬಿಡುವುದು, ಎಲ್ಲ ಮುಗಿಸಿ ಆರೂವರೆಗೆ ಕೊಟ್ಟಿಗೆಗೆ ಬಂದಿರುತ್ತಾಳೆ. ಅವಳ ಮಾತು ಉದ್ದ ಎಂದು ನಾನು ನಗುತ್ತಿದ್ದೆ. ಆ ಮಾತು ಈಗ ಹಸುಗಳಿಗೆ ಹೋಗುತ್ತಿದೆ. ಆಕೆ ಮಾತಾಡುವ ಹಸುಗಳ ಪಕ್ಕದಲ್ಲಿ ನಿಲ್ಲುವುದೂ ಹಿತವೇ.

ಆ ದಿನದ ಫೋನಿನ ವಿಷಯ ಅವಳಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಜನವರಿ 11, ಮಂಗಳವಾರ

ಮಿಸೆಸ್ ಬ್ರಾನ್ ಪತ್ರ ಹಿಡಿದು ತಾನೇ ಬಂದಳು. ಮೊಕದ್ದಮೆ ಇಲ್ಲ. ಇನ್ನೆಂದೂ ಲೈಸೆನ್ಸ್ ಇಲ್ಲದೆ ಒಂದು ತೋಟಾವನ್ನೂ ಮಾರುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕು, ಯಂತ್ರಗಳನ್ನು ಬಿಟ್ಟುಕೊಡಬೇಕು. ಕೊಂಡವರಿಗೆಲ್ಲ ತಾನಾಗಿ ತಿಳಿಸಿ ವಾಪಸು ಪಡೆದದ್ದನ್ನು ಗಮನಿಸಲಾಗಿದೆ ಎಂದು ಒಂದು ಸಾಲು. "ನಾನು ಬೇಡ ಅಂದ ಕೆಲಸಾನೇ ನಿಮ್ಮನ್ನ ಉಳಿಸ್ತು" ಎಂದು ಅವಳು ನಕ್ಕಳು. "ಎಲ್ಲರ ವಿಷಯದಲ್ಲೂ ಹೀಗಾಗಲ್ಲ ಮ್ಯಾರಿಟ್. ನಿಮ್ಮ ಅದೃಷ್ಟ." ಹೌದು. ಅದೃಷ್ಟವೇ. ನನ್ನ ಕೈಚಳಕ ಏನೂ ಅಲ್ಲ.

ಸಹಿ ಹಾಕಿದೆ. ಲಾಯ್ಡ್ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಮುಖ ತೊಳೆದ.

ಜನವರಿ 19, ಬುಧವಾರ

ಇವತ್ತು ಗಾಳಿ ವಿಪರೀತ. ಹುಲ್ಲಿನ ಕಟ್ಟಿನ ತಂತಿ ಕತ್ತರಿಸುವಾಗ ನನ್ನ ಎಡಗೈಯ ಕೈಗವಸು ಅಂಗೈಯಿಂದ ಮಣಿಕಟ್ಟಿನವರೆಗೆ ಹರಿಯಿತು. ಹಾಗೇ ಕೆಲಸ ಮಾಡಿದೆ. ಬೆರಳು ಮರಗಟ್ಟಿ, ಕೊನೆಗೆ ಕಟ್ಟು ಕೈಯಿಂದ ಜಾರತೊಡಗಿತು.

ಓಪಲ್ ಆ ತುದಿಯಿಂದ ನೋಡಿದಳು. ಕವೆಗೋಲನ್ನು ಗೋಡೆಗೆ ಒರಗಿಸಿ ಮನೆಯೊಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಗಂಡಸರ ಕೈಗವಸು ಒಂದಿತ್ತು, ಕುರಿಯುಣ್ಣೆಯ ಒಳಪದರಿನದು. ಹಾರ್ಲನ್‌ನದು.

"ತಗೋ" ಅಂದಳು. "ಎಡಗೈದು. ಅವ್ರಿಗೆ ಇನ್ ಇದು ಬೇಕಾಗಲ್ಲ."

ಕೈ ಚಾಚಲು ನನಗಾಗಲಿಲ್ಲ. ಅವಳೇ ನನ್ನ ಮಣಿಕಟ್ಟು ಹಿಡಿದು ತೊಡಿಸಿದಳು, ಕೊಸರುವ ಕರುವಿಗೆ ಹಗ್ಗ ಹಾಕುವ ಹಾಗೆ, ಒಂದೊಂದೇ ಬೆರಳನ್ನು ಅದರದರ ಜಾಗಕ್ಕೆ ಸೇರಿಸಿ. ಹೆಬ್ಬೆರಳನ್ನು ಕೊನೆಗೆ.

"ನಾಳೆ ಇನ್ನೂ ಚಳಿ ಅಂತೆ" ಅಂದಳು. "ಆರಕ್ಕೇ ಬಾ. ಕಾಫಿ ಇಟ್ಟಿರ್ತೀನಿ."

ಕೈಗವಸು ನನಗೆ ದೊಡ್ಡದು. ಬೆಚ್ಚಗಿದೆ.